ಫೋಟೋ ಆಪ್‌ನಿಂದ ಮಾಹಿತಿ ಸೋರದಂತೆ ನಾನು ಮಾಡಿದ್ದು

ಆಪ್ ಬರೆಯಲು ಕೂತಾಗಲೇ ಒಂದು ತೀರ್ಮಾನ ಮಾಡಿದ್ದೆ. ಫೋಟೋ ಫೋನ್ ಬಿಟ್ಟು ಹೋಗಬಾರದು. ಫಿಲ್ಟರ್, ಬಣ್ಣ ತಿದ್ದುವುದು, ಮುಖ ಪತ್ತೆ ಎಲ್ಲವೂ ಫೋನಿನಲ್ಲೇ ಆಗಬೇಕು. ಸರ್ವರ್‌ಗೆ ಕಳಿಸಿದ್ದರೆ ಕೆಲಸ ಸುಲಭವಾಗುತ್ತಿತ್ತು, ನಿಜ. ಆದರೆ ನಮ್ಮ ಹತ್ತಿರ ಇಲ್ಲದ ಫೋಟೋವನ್ನು ನಮ್ಮಿಂದ ಯಾರು ಕದಿಯುತ್ತಾರೆ, ಅಲ್ವಾ?

ಪೂರ್ತಿ ಗ್ಯಾಲರಿಗೆ ಅನುಮತಿ ಕೇಳಲೇ ಇಲ್ಲ. ಐಒಎಸ್ 14 ಮತ್ತು ಆಂಡ್ರಾಯ್ಡ್ 13ರಲ್ಲಿ ಬಂದ ಫೋಟೋ ಪಿಕರ್ ಸಾಕಾಯಿತು. ಬಳಸುವವರು ಆರಿಸಿದ ಚಿತ್ರ ಮಾತ್ರ ಆಪ್‌ನ ಕೈಗೆ ಬರುತ್ತದೆ, ಉಳಿದದ್ದು ಕಾಣುವುದೇ ಇಲ್ಲ.

ಜಾಸ್ತಿ ತಲೆ ತಿಂದದ್ದು ಎಕ್ಸಿಫ್, ಅಂದರೆ ಫೋಟೋ ಜೊತೆಗೇ ಕ್ಯಾಮೆರಾ ಬರೆದಿಡುವ ವಿವರಗಳು. ಫೋಟೋ ತೆಗೆದ ಜಾಗ, ಸಮಯ, ಫೋನಿನ ಮಾಡೆಲ್ ಎಲ್ಲ ಫೈಲಿನೊಳಗೇ ಕೂತಿರುತ್ತದೆ. ಮನೆಯಲ್ಲಿ ತೆಗೆದ ಫೋಟೋ ಎಂದರೆ ಮನೆ ವಿಳಾಸ ಕೊಟ್ಟಂತೆಯೇ. ಹಾಗಂತ ಎಲ್ಲವನ್ನೂ ಸುಮ್ನೆ ಅಳಿಸುವಂತಿಲ್ಲ. ಫೋಟೋ ಯಾವ ಕಡೆ ತಿರುಗಿರಬೇಕು ಎಂಬುದೂ ಅಲ್ಲೇ ಇರುತ್ತದೆ. ಅದು ಹೋದರೆ ನಿಂತವರು ಅಡ್ಡ ಮಲಗುತ್ತಾರೆ! ಅದಕ್ಕೇ ಮೊದಲು ಪಿಕ್ಸೆಲ್‌ಗಳನ್ನೇ ತಿರುಗಿಸಿ, ಆಮೇಲೆ ಅಳಿಸುತ್ತೇನೆ. ಬಣ್ಣವನ್ನು ಹೇಗೆ ತೋರಿಸಬೇಕು ಎಂದು ಹೇಳುವ ಕಲರ್ ಪ್ರೊಫೈಲ್ ಉಳಿಸಿಕೊಳ್ಳುತ್ತೇನೆ, ಇಲ್ಲದಿದ್ದರೆ ಬಣ್ಣ ಪೇಲವವಾಗಬಹುದು. ಜಾಗದ ವಿವರ ಎಕ್ಸ್‌ಎಂಪಿಯಲ್ಲೂ (ಫೈಲಿನಲ್ಲಿ ವಿವರ ಬರೆದಿಡುವ ಇನ್ನೊಂದು ಬಗೆ) ಇರಬಹುದು. ಕೆಲವು ಕ್ಯಾಮೆರಾಗಳು ಮೇಕರ್ ನೋಟ್‌ನಲ್ಲಿ, ಅಂದರೆ ಕ್ಯಾಮೆರಾ ಕಂಪನಿ ತನಗೆಂದೇ ಇಟ್ಟುಕೊಂಡ ಜಾಗದಲ್ಲಿ, ಸೀರಿಯಲ್ ನಂಬರ್ ಕೂಡ ಬರೆಯುತ್ತವೆ. ಏನೇನು ತೆಗೆಯಬೇಕು ಎಂದು ಪಟ್ಟಿ ಮಾಡಲು ಹೋದರೆ ಮುಗಿಯುವುದೇ ಇಲ್ಲ. ಹಾಗಾಗಿ ಉಳಿಸಬೇಕಾದ್ದನ್ನು ಮಾತ್ರ ಪಟ್ಟಿ ಮಾಡಿ, ಮಿಕ್ಕದ್ದನ್ನೆಲ್ಲ ತೆಗೆದುಹಾಕಿದೆ.

ಎಕ್ಸಿಫ್ ಒಳಗೆ ಸಾಮಾನ್ಯವಾಗಿ ಒಂದು ಥಂಬ್‌ನೇಲ್, ಅಂದರೆ ಅದೇ ಫೋಟೋದ ಪುಟ್ಟ ಪ್ರತಿ ಕೂಡ ಇರುತ್ತದೆ. ಫೋಟೋ ಕ್ರಾಪ್ ಮಾಡಿದರೂ ಥಂಬ್‌ನೇಲ್ ಹಳೆಯದೇ ಉಳಿದರೆ, ಕತ್ತರಿಸಿದ ಮುಖ ಅದರಲ್ಲಿ ಆರಾಮಾಗಿ ಕಾಣುತ್ತದೆ. 2023ರಲ್ಲಿ ಗೂಗಲ್‌ನ ಪಿಕ್ಸೆಲ್ ಫೋನ್‌ಗಳ ಸ್ಕ್ರೀನ್‌ಶಾಟ್ ಎಡಿಟರ್‌ನಲ್ಲಿ ಬೇರೆ ಥರದ ದೋಷ ಬಯಲಾಗಿತ್ತು. ಕ್ರಾಪ್ ಆದ ಚಿತ್ರವನ್ನು ಹಳೆಯ ಫೈಲಿನ ಮೇಲೆಯೇ ಬರೆದಾಗ ಹಳೆಯದರ ಬಾಲ ಕೊನೆಯಲ್ಲಿ ಹಾಗೇ ಉಳಿಯುತ್ತಿತ್ತು. ಅದರಿಂದ ಕತ್ತರಿಸಿದ ಭಾಗವನ್ನು ಸ್ವಲ್ಪ ಮಟ್ಟಿಗೆ ಮತ್ತೆ ಪಡೆಯಬಹುದಿತ್ತು. ನಮ್ಮ ಆಪ್ ಪ್ರತಿ ಸಲ ಹೊಸ ಫೈಲನ್ನೇ ಬರೆಯುತ್ತದೆ. ನಂಬರ್, ಹೆಸರು ಮರೆಮಾಡಲು ಬ್ಲರ್ ಕೊಡದೆ ಗಟ್ಟಿ ಕಪ್ಪು ಪಟ್ಟಿ ಕೊಟ್ಟಿದ್ದೇನೆ. ಮಸುಕಾದ ಅಕ್ಷರವನ್ನು ಎಷ್ಟೋ ಸಲ ಊಹಿಸಬಹುದು. ನೋಡಲು ಚೆಂದವಿಲ್ಲ ಎಂದು ಡಿಸೈನರ್‌ಗೆ ಇವತ್ತಿಗೂ ಬೇಸರವಿದೆ, ಇರಲಿ.

ಆಪ್ ಕೆಟ್ಟು ನಿಂತಾಗ ನಮಗೆ ಬರುವ ಕ್ರ್ಯಾಶ್ ರಿಪೋರ್ಟ್‌ಗಳಲ್ಲಿ ಫೈಲಿನ ಹೆಸರು, ಫೋಲ್ಡರ್ ಹೋಗದಂತೆ ತಡೆದೆ. ಆಪ್ ಹಿಂದೆ ಸರಿದಾಗ ರೀಸೆಂಟ್ಸ್ ಪರದೆಯಲ್ಲಿ ಫೋಟೋ ಕಾಣದಂತೆ ಮುಚ್ಚಿದೆ. ಎಡಿಟ್ ಮುಗಿದ ಕೂಡಲೇ ಕ್ಯಾಶ್ (ಆಪ್ ತಾತ್ಕಾಲಿಕವಾಗಿ ಇಟ್ಟುಕೊಂಡ ಪ್ರತಿಗಳು) ಖಾಲಿ. ಜಾಹೀರಾತಿನ ಎಸ್‌ಡಿಕೆ, ಅಂದರೆ ಜಾಹೀರಾತು ಕಂಪನಿ ಕೊಡುವ ಸಿದ್ಧ ಕೋಡ್, ಹಾಕಲೇ ಇಲ್ಲ. ಬೇರೆಯವರ ಕೋಡ್ ಏನು ಕಳಿಸುತ್ತದೆ ಎಂದು ಕಾಯುತ್ತಾ ಕೂರುವುದು ನನ್ನಿಂದಾಗದು.

ಪ್ರವಾಸದ ಫೋಟೋಗಳಲ್ಲಿ ಜಾಗದ ವಿವರ ಬೇಕೇ ಬೇಕು ಎಂದು ಕೆಲವರು ಕೇಳಿದರು. ಅವರಿಗಾಗಿ ಶೇರ್ ಮಾಡುವ ಪರದೆಯಲ್ಲಿ ಒಂದು ಸ್ವಿಚ್ ಇಟ್ಟೆ. ಅದು ಮೊದಲಿಗೆ ಆಫ್ ಇರುತ್ತದೆ. ಆನ್ ಮಾಡಿದರೂ ಆ ಒಂದು ಸಲಕ್ಕೆ ಮಾತ್ರ.