ಹಸಿದ ಹೊಟ್ಟೆಯ ಷರತ್ತನ್ನು ಬಿಟ್ಟ ಮೇಲೆ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಹಮಾಲರನ್ನು ನೋಡುವ ವೈದ್ಯನಾಗಿ ನಾನು ಬಹಳ ವರ್ಷ ಒಂದು ತಪ್ಪು ಮಾಡಿದೆ. ದಿನವಿಡೀ ಚೀಲ ಹೊರುವ, ಹೊಟ್ಟೆ ಬಾರದ ಮೈಯ ರಕ್ತನಾಳಗಳಲ್ಲಿ ಜಿಡ್ಡು ಕಟ್ಟುವುದು ಅಪರೂಪವೆಂದು ನಂಬಿದ್ದೆ. ಕೊಲೆಸ್ಟರಾಲ್, ಸಕ್ಕರೆಯ ರಕ್ತಪರೀಕ್ಷೆಗೆ ಒಪ್ಪಿದವರನ್ನೂ ‘ನಾಳೆ ಏನೂ ತಿನ್ನದೆ ಬನ್ನಿ’ ಎಂದು ಕಳುಹಿಸುತ್ತಿದ್ದೆ. ನಸುಕಿನಲ್ಲೇ ರೊಟ್ಟಿ ತಿಂದು ಕೆಲಸಕ್ಕಿಳಿಯುವ ಅವರು ಮತ್ತೆ ಬರುತ್ತಲೇ ಇರಲಿಲ್ಲ. ಹಾಗೆ ಬಾರದವರಲ್ಲೊಬ್ಬರನ್ನು 46ನೆಯ ವಯಸ್ಸಿನಲ್ಲಿ ಹೃದಯಾಘಾತವಾಗಿ ಹುಬ್ಬಳ್ಳಿಗೆ ಸಾಗಿಸಿದರು. ಜೀವ ಉಳಿಯಿತು, ಆದರೆ ಅವರ ಹಳೆಯ ಚೀಟಿಯಲ್ಲಿ ನಾನು ತಂಬಾಕಿನ ಸುದ್ದಿಯನ್ನಾಗಲಿ, ತಂದೆಯ ಸಾವಿನ ಸುದ್ದಿಯನ್ನಾಗಲಿ ಬರೆದಿರಲಿಲ್ಲ.

ಆಮೇಲೆ ಹಸಿದ ಹೊಟ್ಟೆಯ ಷರತ್ತನ್ನೇ ಬಿಟ್ಟೆ. ಊಟವಾದ ಮೇಲೆ ಏರುವುದು ಮುಖ್ಯವಾಗಿ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು. ಒಟ್ಟು ಕೊಲೆಸ್ಟರಾಲ್‌ನಿಂದ ‘ಒಳ್ಳೆಯ’ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಕಳೆದರೆ ಉಳಿಯುವ ಸಂಖ್ಯೆ ಊಟದಿಂದ ಅಷ್ಟಾಗಿ ಬದಲಾಗುವುದಿಲ್ಲ, ಮತ್ತು ನಾಳಕ್ಕೆ ಹಾನಿ ಮಾಡುವ ಎಲ್ಲ ಬಗೆಯ ಕೊಲೆಸ್ಟರಾಲ್ ಅದರೊಳಗೇ ಸೇರಿರುತ್ತದೆ. ಯುರೋಪಿನ ತಜ್ಞರ ಮಂಡಳಿಗಳೂ 2016ರಲ್ಲಿ ಉಪವಾಸ ಸಾಮಾನ್ಯವಾಗಿ ಬೇಡವೆಂದೇ ಹೇಳಿವೆ. ಟ್ರೈಗ್ಲಿಸರೈಡ್ ಡೆಸಿಲೀಟರಿಗೆ 400 ಮಿಲಿಗ್ರಾಂ ದಾಟಿದವರನ್ನು ಮಾತ್ರ ಹಸಿದು ಬರಲು ಹೇಳುತ್ತೇನೆ. ಸಕ್ಕರೆ ಕಾಯಿಲೆಗೆ ಎಚ್‌ಬಿಎ1ಸಿ, ಅಂದರೆ ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ, ನೋಡುತ್ತೇನೆ. ಅದಕ್ಕೂ ಉಪವಾಸ ಬೇಕಿಲ್ಲ. ಬಿ.ಪಿ.ಯನ್ನು ಮಾತ್ರ ಚೀಲ ಇಳಿಸಿ ಬಂದ ಕೂಡಲೇ ನೋಡುವುದಿಲ್ಲ, ಐದು ನಿಮಿಷ ಸುಮ್ಮನೆ ಕೂರಿಸುತ್ತೇನೆ.

ಕೇಳುವ ರೀತಿಯನ್ನೂ ತಿದ್ದಿಕೊಳ್ಳಬೇಕಾಯಿತು. ಬೀಡಿ ಸೇದುತ್ತೀರಾ ಎಂದರೆ ಇಲ್ಲ ಎನ್ನುವವರ ದವಡೆಯಲ್ಲಿ ತಂಬಾಕು ಇರುತ್ತದೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನವು ಜಗಿಯುವ ತಂಬಾಕಿಗೂ ಹೃದಯಾಘಾತಕ್ಕೂ ನಂಟಿರುವುದನ್ನು ಕಂಡಿದೆ. ಆದ್ದರಿಂದ ‘ಬಾಯಾಗ ಏನು ಹಾಕ್ಕೋತೀರಿ?’ ಎಂದೇ ಕೇಳುತ್ತೇನೆ.

ಎಲ್ಲಕ್ಕಿಂತ ಕಷ್ಟವಾದದ್ದು ಮನೆತನದ ಚರಿತ್ರೆ. ತಂದೆಗೋ ಅಣ್ಣತಮ್ಮಂದಿರಿಗೋ 55ಕ್ಕೆ ಮೊದಲು, ತಾಯಿಗೋ ಅಕ್ಕತಂಗಿಯರಿಗೋ 65ಕ್ಕೆ ಮೊದಲು ಹೃದ್ರೋಗ ಬಂದಿದ್ದರೆ ಅದನ್ನು ಅಪಾಯವೆಂದೇ ಎಣಿಸಬೇಕು. ಆದರೆ ‘ಅಪ್ಪಗ ಹಾರ್ಟ್ ಫೇಲ್ ಆತ್ರಿ ಸಾಹೇಬ್ರ, ವಯಸ್ಸು ಎಷ್ಟಿತ್ತೋ ಏನೋ’ ಎಂಬ ಉತ್ತರವೇ ಹೆಚ್ಚು. ಈಗ ನಾನು ವಯಸ್ಸು ಕೇಳುವುದಿಲ್ಲ. ಅಪ್ಪ ತೀರಿಕೊಂಡಾಗ ನಿಮ್ಮ ಮದುವೆ ಆಗಿತ್ತೇ, ಕೊನೆಯ ತಂಗಿ ಶಾಲೆಗೆ ಹೋಗುತ್ತಿದ್ದಳೇ ಎಂದು ಕೇಳುತ್ತೇನೆ. ‘ಆಕಿ ಇನ್ನೂ ತೊಟ್ಟಿಲದಾಗ ಇದ್ಲುರಿ’ ಎಂದವರನ್ನು, ಮೈ ಎಷ್ಟೇ ಗಟ್ಟಿಯಾಗಿದ್ದರೂ, ಅಂದೇ ರಕ್ತ ಕೊಡದೆ ಹೋಗಲು ಬಿಡುವುದಿಲ್ಲ.