ಮಂಡಿ ಆಪರೇಷನ್‌ಗೆ ಮುಂಚೆ ಮನೆ ಸಿದ್ಧ ಮಾಡಿಕೊಳ್ಳಿ

ನಮ್ಮಮ್ಮನಿಗೆ ಮಂಡಿ ಕೀಲು ಬದಲಿಸಿ ಮಾರನೇ ದಿನವೇ ಮನೆಗೆ ಕಳಿಸಿದರು. ಈಗ ಕೆಲವರನ್ನು ಅದೇ ದಿನ ಸಂಜೆಯೇ ಕಳಿಸುವುದೂ ಉಂಟು. ಹೃದಯದ ತೊಂದರೆ, ಹತೋಟಿಗೆ ಬಾರದ ಶುಗರ್ ಇದ್ದವರನ್ನು ಸಾಮಾನ್ಯವಾಗಿ ಅಲ್ಲೇ ಇರಿಸಿಕೊಳ್ಳುತ್ತಾರೆ.

ಮೊದಲು ನೆಲದ ಮೇಲಿನ ಮ್ಯಾಟ್‌ಗಳನ್ನೆಲ್ಲ ಎತ್ತಿಡಿ. ವಾಕರ್ ಸಿಕ್ಕಿಹಾಕಿಕೊಳ್ಳುವುದೇ ಅಲ್ಲಿ. ನಮ್ಮದು ಹಳೇ ಮನೆ, ಹೊಸ್ತಿಲು ನಾಲ್ಕು ಇಂಚು ಎತ್ತರ. ಹೊಸ್ತಿಲು ತುಳಿಯಬಾರದು ಅಂತ ಅಮ್ಮ ವಾಕರ್ ಎತ್ತಿ ದಾಟಲು ಹೋಗಿ ವಾಲಿಯೇಬಿಟ್ಟರು! ಪುಣ್ಯಕ್ಕೆ ತಮ್ಮ ಹಿಂದೆಯೇ ಇದ್ದ. ಇಂಡಿಯನ್ ಟಾಯ್ಲೆಟ್ ಇದ್ದರೆ ಕಮೋಡ್ ಕುರ್ಚಿ ಬಾಡಿಗೆಗೆ ತಂದಿಡಿ.

ಎಲ್ಲರೂ ಮಾಡುವ ತಪ್ಪು ಮಂಡಿ ಕೆಳಗೆ ದಿಂಬು ಇಡುವುದು. ಹಾಯಾಗಿರುತ್ತದೆ ನಿಜ, ಆದರೆ ಕಾಲು ಬಾಗಿದಂತೆಯೇ ಬಿಗಿದುಕೊಳ್ಳುತ್ತದೆ. ದಿಂಬನ್ನು ಹಿಮ್ಮಡಿ ಕೆಳಗೆ ಇಡಿ, ಮಂಡಿ ತಾನಾಗಿ ನೇರವಾಗುತ್ತದೆ. ಅಮ್ಮ ಬೈದುಕೊಂಡೇ ಮಾಡಿದರು.

ಐಸನ್ನು ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ ಇಡಿ, ಜಾಸ್ತಿ ಬೇಡ. ಮೆಟ್ಟಿಲು ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಡಾಕ್ಟರ್ ಬರೆದ ನೋವಿನ ಮಾತ್ರೆಯನ್ನು ಫಿಸಿಯೋ ಬರುವ ಅರ್ಧ ಗಂಟೆ ಮುಂಚೆ ಕೊಡಬಹುದಾ ಅಂತ ಕೇಳಿಕೊಳ್ಳಿ. ವ್ಯಾಯಾಮ ಎಷ್ಟೋ ಸಲೀಸಾಗುತ್ತದೆ.

ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆ ಮಾತ್ರ ಒಂದು ಹೊತ್ತೂ ತಪ್ಪಿಸಬೇಡಿ. ಮೀನಖಂಡ ಊದಿ ನೋಯುವುದು, ಗಾಯ ಸೋರುವುದು, ಜ್ವರ ಕಂಡರೆ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ ಸುಮ್ನೆ ಬೆಳಗಾಗಲಿ ಅಂತ ಕೂರಬೇಡಿ, 108ಕ್ಕೆ ಕರೆ ಮಾಡಿ.