ಮೂರ್ಛೆಯ ಪತ್ತೆಗೆ ಇಇಜಿ: ಪರೀಕ್ಷೆಗೆ ಮುನ್ನ ಮನೆಯವರು ತಿಳಿದಿರಬೇಕಾದದ್ದು

ನಮ್ಮ ದಾವಣಗೆರೆ, ಚಿತ್ರದುರ್ಗದ ಸೀಮೆಯಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ಸುತ್ತ ನೆರೆದವರು ಮೊದಲು ಹುಡುಕುವುದು ಬೀಗದ ಕೈ ಗೊಂಚಲನ್ನು. ಕಬ್ಬಿಣವನ್ನು ಮುಷ್ಟಿಗೆ ಕೊಟ್ಟ ಮೇಲೆ ಸೆಳವು ನಿಂತಂತೆ ಕಾಣುತ್ತದೆ. ನಿಜವಾಗಿ ಹೆಚ್ಚಿನ ಸೆಳವುಗಳು ಒಂದೆರಡು ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುತ್ತವೆ. ಆ ಹೊತ್ತಿನಲ್ಲಿ ಗೊಂಚಲು ಹುಡುಕುವ ಬದಲು ಬಿದ್ದವರನ್ನು ಒಂದು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನನ್ನೂ ತುರುಕದೆ, ಏನೇನಾಗುತ್ತಿದೆ ಎಂಬುದನ್ನು ಕಣ್ಣಿಟ್ಟು ನೋಡಿದರೆ, ಮುಂದೆ ವೈದ್ಯರು ಇಇಜಿ (ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ) ಮಾಡಿಸಲು ಬರೆದುಕೊಟ್ಟಾಗ ಆ ಪರೀಕ್ಷೆಯಿಂದ ದೊರೆಯುವ ಪ್ರಯೋಜನ ಬಹಳ ಹೆಚ್ಚುತ್ತದೆ. ಇಇಜಿ ಯಂತ್ರವು ತಾನೊಂದೇ ರೋಗವನ್ನು ಪತ್ತೆ ಮಾಡುವುದಿಲ್ಲ. ಮನೆಯವರು ತಂದ ವಿವರ, ರೋಗಿ ಮಾಡಿಕೊಂಡು ಬಂದ ಸಿದ್ಧತೆ ಮತ್ತು ಅಲೆಗಳನ್ನು ಓದುವ ವೈದ್ಯರ ಅನುಭವ, ಈ ಮೂರೂ ಕೂಡಿದಾಗ ಮಾತ್ರ ಅದು ಉತ್ತರ ಕೊಡುತ್ತದೆ.

ಇದನ್ನು ನಾನು ತಿಳಿದುಕೊಂಡದ್ದು ಅಕ್ಕನ ಮಗನ ಕಾಯಿಲೆಯಿಂದ. ಪಿಯುಸಿ ಓದುತ್ತಿದ್ದ ಹುಡುಗನಿಗೆ ಬೆಳಿಗ್ಗೆ ಎದ್ದು ಚಹದ ಲೋಟ ಹಿಡಿದೊಡನೆ ಕೈ ತಟ್ಟನೆ ಎಗರಿ ಚಹ ಚೆಲ್ಲುತ್ತಿತ್ತು. ‘ಲೋಟ ನೆಟ್ಟಗೆ ಹಿಡ್ಕಳಕ್ಕೆ ಬರಲ್ವೇನೋ’ ಎಂದು ಅಕ್ಕ ಗದರುತ್ತಿದ್ದಳು. ಪರೀಕ್ಷೆಯ ದಿನಗಳಲ್ಲಿ ರಾತ್ರಿಯೆಲ್ಲ ಓದಿ ಎದ್ದ ಒಂದು ಬೆಳಿಗ್ಗೆ ಅವನು ಬಚ್ಚಲುಮನೆಯ ಬಾಗಿಲಲ್ಲಿ ಬಿದ್ದು ಮೈಯೆಲ್ಲ ಸೆಳೆದುಕೊಂಡ. ನಿದ್ದೆಗೆಡಿಸಿ ಇಇಜಿ ಮಾಡಿಸಬೇಕೆಂದು ವೈದ್ಯರು ಸೂಚಿಸಿದರು. ರಾತ್ರಿ ಎಚ್ಚರವಿಟ್ಟು, ಮುಂಜಾನೆ ಹೊಸದುರ್ಗದಲ್ಲಿ ಬಸ್ಸು ಹತ್ತಿದ ಮೇಲೆ, ಪಾಪ ಎನಿಸಿ ದಾವಣಗೆರೆಯವರೆಗೂ ಅವನನ್ನು ನನ್ನ ಹೆಗಲ ಮೇಲೆ ಮಲಗಲು ಬಿಟ್ಟೆ. ವರದಿ ನಾರ್ಮಲ್ ಎಂದು ಬಂತು, ನಾವು ಹಿಗ್ಗಿದೆವು. ಒಂದೂವರೆ ತಿಂಗಳ ನಂತರ ಅವನು ಮತ್ತೆ ಬಿದ್ದ. ಬೆಳಗಿನ ಕೈ ಎಗರುವಿಕೆಯ ಮಾತನ್ನು ನಾವು ವೈದ್ಯರಿಗೆ ಹೇಳಿರಲೇ ಇಲ್ಲ, ಏಕೆಂದರೆ ಅದೂ ಕಾಯಿಲೆಯ ಭಾಗವೆಂದು ನಮಗೆ ಹೊಳೆದಿರಲಿಲ್ಲ.

ಯಂತ್ರ ಅಳೆಯುವುದೇನನ್ನು?

ಮಿದುಳಿನ ಜೀವಕೋಶಗಳು ಒಂದಕ್ಕೊಂದು ಸಂಕೇತ ಕಳಿಸುವಾಗ ಅತಿ ಸಣ್ಣ ಪ್ರಮಾಣದ ವಿದ್ಯುತ್ ಏರಿಳಿತಗಳು ಉಂಟಾಗುತ್ತವೆ. ಜರ್ಮನಿಯ ಹ್ಯಾನ್ಸ್ ಬರ್ಗರ್ ಎಂಬ ವೈದ್ಯರು 1924ರಲ್ಲಿ ಇವನ್ನು ಮನುಷ್ಯನ ತಲೆಯಿಂದ ಮೊದಲ ಬಾರಿಗೆ ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ನೆತ್ತಿಯ ಮೇಲೆ ಸಿಗುವ ಅಲೆಗಳ ಎತ್ತರ ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟ್ (ಒಂದು ಮೈಕ್ರೋವೋಲ್ಟ್ ಎಂದರೆ ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಪಾಲು). ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ಲಿನ 1.5 ವೋಲ್ಟ್‌ಗೆ ಹೋಲಿಸಿದರೆ 50 ಮೈಕ್ರೋವೋಲ್ಟ್ ಎಂಬುದು ಅದರ 30,000ದಲ್ಲಿ ಒಂದು ಪಾಲು. ಇಷ್ಟು ಕ್ಷೀಣವಾದುದನ್ನು ಹಿಡಿಯಬೇಕಾದ್ದರಿಂದಲೇ ತಲೆಯ ಎಣ್ಣೆ, ರೆಪ್ಪೆಯ ಮಿಟುಕು, ದವಡೆಯ ಬಿಗಿತ ಎಲ್ಲವೂ ದಾಖಲೆಯನ್ನು ಕೆಡಿಸುತ್ತವೆ. ಯಂತ್ರವು ತಲೆಯೊಳಗೆ ಕರೆಂಟು ಹರಿಸುವುದಿಲ್ಲ. ಅಲ್ಲಿರುವುದನ್ನು ಬರೆದುಕೊಳ್ಳುತ್ತದೆ, ಅಷ್ಟೆ. ಅಜ್ಜಿಯರಿಗೆ ಈ ಮಾತನ್ನು ಮೊದಲೇ ತಿಳಿಸಿ ಹೇಳುವುದು ಒಳ್ಳೆಯದು, ಏಕೆಂದರೆ ‘ಮಗೂಗೆ ಶಾಕ್ ಕೊಡ್ತಾರಂತೆ’ ಎಂಬ ಭಯದಿಂದ ಪರೀಕ್ಷೆಯನ್ನೇ ಮುಂದೂಡುವ ಮನೆಗಳಿವೆ.

ಹೊರಡುವ ಮುನ್ನ ಬರೆದಿಟ್ಟುಕೊಳ್ಳಬೇಕಾದದ್ದು

ಎಲ್ಲಕ್ಕಿಂತ ಮುಖ್ಯವಾದ ಸಿದ್ಧತೆ ಇದು. ಸೆಳವನ್ನು ಕಣ್ಣಾರೆ ಕಂಡವರೇ ರೋಗಿಯ ಜೊತೆ ಹೋಗಬೇಕು. ಅದು ಪಕ್ಕದ ಮನೆಯ ಹುಡುಗನಾಗಿದ್ದರೂ, ಶಾಲೆಯ ಮೇಷ್ಟ್ರಾಗಿದ್ದರೂ ಸರಿ, ಕನಿಷ್ಠ ಅವರ ಮೊಬೈಲ್ ಸಂಖ್ಯೆಯಾದರೂ ಕೈಯಲ್ಲಿರಲಿ. ಸೆಳವು ಎಷ್ಟು ಹೊತ್ತಿಗೆ ಬಂತು, ನಿದ್ದೆಯಲ್ಲೋ ಎಚ್ಚರದಲ್ಲೋ, ಮೊದಲು ಅಲುಗಿದ್ದು ಯಾವ ಕೈ, ಕತ್ತು ಯಾವ ಕಡೆಗೆ ತಿರುಗಿತು, ಕಣ್ಣು ತೆರೆದಿತ್ತೇ ಮುಚ್ಚಿತ್ತೇ, ನಾಲಗೆಯ ಅಂಚು ಕಚ್ಚಿಕೊಂಡಿತ್ತೇ, ಬಟ್ಟೆಯಲ್ಲಿ ಮೂತ್ರ ಹೋಯಿತೇ, ಎಷ್ಟು ನಿಮಿಷಕ್ಕೆ ನಿಂತಿತು, ನಿಂತ ಮೇಲೆ ತಬ್ಬಿಬ್ಬಾಗಿ ಎಷ್ಟು ಹೊತ್ತು ಇದ್ದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಮತ್ತೊಮ್ಮೆ ಬಂದಾಗ ಒಬ್ಬರು ರೋಗಿಯನ್ನು ನೋಡಿಕೊಳ್ಳುತ್ತಿದ್ದರೆ ಇನ್ನೊಬ್ಬರು ಮೊಬೈಲಿನಲ್ಲಿ ಮುಖ ಮತ್ತು ಕೈಕಾಲು ಎರಡೂ ಕಾಣುವಂತೆ ವಿಡಿಯೊ ಮಾಡಿಕೊಳ್ಳಲಿ. ಸೆಳವು 5 ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮೊದಲೇ ಇನ್ನೊಂದು ಸೆಳವು ಬಂದರೆ, ವಿಡಿಯೊ, ಬರವಣಿಗೆ ಎಲ್ಲವನ್ನೂ ಬಿಟ್ಟು 108ಕ್ಕೆ ಕರೆ ಮಾಡಬೇಕು.

ಈ ವಿವರಗಳ ಬೆಲೆ ಏನೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಜಾತ್ರೆಯಲ್ಲಿ ಬಿಸಿಲಿಗೆ ಗಂಟೆಗಟ್ಟಲೆ ನಿಂತವರೊಬ್ಬರು ಕಣ್ಣು ಕತ್ತಲೆಗಟ್ಟಿ, ಬೆವರಿ, ಬಿಳಿಚಿಕೊಂಡು ಕುಸಿದು, ಒಂದೆರಡು ಬಾರಿ ಕೈ ಅದುರಿಸಿ, ಮಲಗಿಸಿದ ಕೂಡಲೇ ಎಚ್ಚೆತ್ತು ಮಾತನಾಡಿದರೆ, ಅದು ಬಹುಮಟ್ಟಿಗೆ ರಕ್ತದೊತ್ತಡ ಇಳಿದು ಬಂದ ತಲೆಸುತ್ತು. ಅವರಿಗೆ ಇಇಜಿಗಿಂತ ಮೊದಲು ಬೇಕಾದದ್ದು ಹೃದಯದ ಇಸಿಜಿ. ಹಾಗೆಯೇ ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ ಜ್ವರದ ಜೊತೆಗೆ ಒಮ್ಮೆ ಸಾಧಾರಣ ಸೆಳವು ಬಂದು ಹೋಗಿ, ಮಗು ಬೇರೆಲ್ಲ ರೀತಿಯಲ್ಲಿ ಆರೋಗ್ಯವಾಗಿದ್ದರೆ ಇಇಜಿ ಬೇಕಾಗುವುದಿಲ್ಲ.

ಹಿಂದೆ ಬಂದಿದ್ದ ಸೆಳವುಗಳನ್ನು ಮುಚ್ಚಿಡಬಾರದು. ಹೆಣ್ಣುಮಕ್ಕಳ ವಿಷಯದಲ್ಲಿ ಮದುವೆಯ ಚಿಂತೆಯಿಂದ ತಾಯಂದಿರು ‘ಇದೇ ಮೊದಲ್ನೇ ಸಲ ಡಾಕ್ಟ್ರೇ’ ಎಂದುಬಿಡುತ್ತಾರೆ. ಒಂದು ದಿನಕ್ಕಿಂತ ಹೆಚ್ಚು ಅಂತರದಲ್ಲಿ, ತಕ್ಷಣದ ಕಾರಣವಿಲ್ಲದೆ ಎರಡು ಸೆಳವು ಬಂದಿದ್ದರೆ ಅದನ್ನು ಅಪಸ್ಮಾರ, ಅಂದರೆ ಮೂರ್ಛೆರೋಗವೆಂದು ಪರಿಗಣಿಸಿ ಚಿಕಿತ್ಸೆ ನಿರ್ಧರಿಸುತ್ತಾರೆ. ಎಣಿಕೆ ತಪ್ಪಿದರೆ ನಿರ್ಧಾರವೂ ತಪ್ಪುತ್ತದೆ. ಕಾನೂನು ಕೂಡ ಇವರ ಪರವಾಗಿದೆ: ಹಿಂದೂ ವಿವಾಹ ಕಾಯ್ದೆಯಲ್ಲಿದ್ದ ‘ಅಪಸ್ಮಾರ’ ಎಂಬ ಅಡ್ಡಿಯನ್ನು 1999ರ ತಿದ್ದುಪಡಿಯಲ್ಲೇ ತೆಗೆದುಹಾಕಲಾಗಿದೆ.

ಹಿಂದಿನ ರಾತ್ರಿ ಮತ್ತು ಆ ಬೆಳಿಗ್ಗೆ

ಹಿಂದಿನ ದಿನವೇ ಶಾಂಪೂ ಅಥವಾ ಸೀಗೆಕಾಯಿಯಿಂದ ತಲೆ ತೊಳೆದು ಚೆನ್ನಾಗಿ ಒಣಗಿಸಿಕೊಳ್ಳಿ. ಆಮೇಲೆ ಎಣ್ಣೆ ಸೋಕಿಸಬಾರದು. ಬಿಗಿ ಜಡೆ, ಹೂವು, ಹೇರ್‌ಪಿನ್ನುಗಳು ಬೇಡ. ಹೊಟ್ಟೆ ಹಸಿದಿರಬಾರದು, ರಕ್ತದಲ್ಲಿ ಸಕ್ಕರೆ ಇಳಿದರೆ ಅಲೆಗಳು ಬದಲಾಗುತ್ತವೆ, ಆದ್ದರಿಂದ ತಿಂಡಿ ತಿಂದೇ ಹೋಗಿ. ಕಾಫಿ, ಚಹ ಅಂದು ಬಿಡುವುದು ಒಳ್ಳೆಯದು. ಮೂರ್ಛೆಯ ಮಾತ್ರೆ ನುಂಗುತ್ತಿದ್ದರೆ, ವೈದ್ಯರು ಸ್ಪಷ್ಟವಾಗಿ ಹೇಳದ ಹೊರತು ಒಂದು ಹೊತ್ತೂ ತಪ್ಪಿಸಬೇಡಿ. ‘ಮಾತ್ರೆ ನಿಲ್ಲಿಸಿದರೆ ಯಂತ್ರದಲ್ಲಿ ಚೆನ್ನಾಗಿ ಕಾಣಿಸುತ್ತದೆ’ ಎಂಬ ಸಲಹೆಯನ್ನು ಬಸ್ ಸ್ಟ್ಯಾಂಡಿನಲ್ಲಿ ಯಾರೋ ಕೊಟ್ಟರೆಂದು ನಿಲ್ಲಿಸಿದವರು, ಎಡೆಬಿಡದ ಸೆಳವಿನಿಂದ ತುರ್ತು ಚಿಕಿತ್ಸೆಗೆ ದಾಖಲಾಗುವ ಅಪಾಯವಿದೆ.

ನಿದ್ದೆಗೆಡಿಸುವ ಪರೀಕ್ಷೆಗೆ ವಯಸ್ಕರು ಸಾಮಾನ್ಯವಾಗಿ ನಾಲ್ಕು ಗಂಟೆಯಷ್ಟು ಮಾತ್ರ ಮಲಗಬೇಕಾಗುತ್ತದೆ; ಮಕ್ಕಳಿಗೆ ಎಷ್ಟು ಎಂಬುದನ್ನು ವಯಸ್ಸು ನೋಡಿ ವೈದ್ಯರು ಹೇಳುತ್ತಾರೆ. ನಿದ್ದೆಗೆಟ್ಟ ಮಿದುಳಿನಲ್ಲಿಯೂ, ನಿದ್ದೆಗೆ ಜಾರುವ ಹೊತ್ತಿನಲ್ಲಿಯೂ ಅಸಹಜ ಅಲೆಗಳು ಹೆಚ್ಚು ಸುಲಭವಾಗಿ ಹೊರಬೀಳುವುದೇ ಇದಕ್ಕೆ ಕಾರಣ. ಆದ್ದರಿಂದ ಮೊಳಕಾಲ್ಮೂರು, ಜಗಳೂರು, ಹಿರಿಯೂರಿನಂಥ ದೂರದ ಊರುಗಳಿಂದ ಬರುವವರು ದಾರಿಯಲ್ಲಿ ರೋಗಿಯನ್ನು ಮಾತನಾಡಿಸುತ್ತಲೇ ಇರಬೇಕು. ಸಾಧ್ಯವಿದ್ದರೆ ಹಿಂದಿನ ಸಂಜೆಯೇ ಬಂದು ನೆಂಟರ ಮನೆಯಲ್ಲಿ ಉಳಿಯುವುದು ಮೇಲು. ನಿದ್ದೆಗೆಟ್ಟವರು ಬೈಕ್ ಓಡಿಸಿಕೊಂಡು ಬರಬಾರದು, ಒಬ್ಬರೇ ಬರಲೂಬಾರದು. ಮಗುವಿಗಾದರೆ ಅದು ದಿನವೂ ಹೊದೆಯುವ ದುಪ್ಪಟಿಯನ್ನು ಜೊತೆಗೆ ತನ್ನಿ. ಚನ್ನಗಿರಿ ಕಡೆಯ ಹಿರಿಯರಿಗೆ ಒಂದು ವಿಶೇಷ ಮನವಿ: ಪರೀಕ್ಷೆಯ ಕೋಣೆಗೆ ಹೋಗುವ ಮುನ್ನ ಎಲೆಅಡಿಕೆ ಉಗಿದು ಬಾಯಿ ಮುಕ್ಕಳಿಸಿ, ಏಕೆಂದರೆ ದವಡೆಯ ಸ್ನಾಯುಗಳ ವಿದ್ಯುತ್ತು ಮಿದುಳಿನದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ಕೋಣೆಯೊಳಗೆ

ತಂತ್ರಜ್ಞರು ಟೇಪಿನಿಂದ ತಲೆ ಅಳೆದು, ಗುರುತು ಹಾಕಿ, ಸಾಮಾನ್ಯವಾಗಿ 21 ಎಲೆಕ್ಟ್ರೋಡುಗಳನ್ನು (ತಂತಿ ಜೋಡಿಸಿದ ಪುಟ್ಟ ಲೋಹದ ಬಿಲ್ಲೆಗಳನ್ನು) ಪೇಸ್ಟಿನಿಂದ ಅಂಟಿಸುತ್ತಾರೆ. ದಾಖಲಾತಿ 20ರಿಂದ 30 ನಿಮಿಷ ನಡೆಯುತ್ತದೆ. ನಿದ್ದೆಯೂ ಬೇಕಾದರೆ ಇನ್ನೂ ಹೆಚ್ಚು. ಕಣ್ಣು ಮುಚ್ಚಿ, ತೆರೆಯಿರಿ ಎನ್ನುತ್ತಾರೆ. ಮೂರು ನಿಮಿಷ ಜೋರಾಗಿ ಉಸಿರಾಡಿಸುತ್ತಾರೆ. ಕೈಬೆರಳು ಜುಮ್ಮೆನ್ನುವುದು, ತಲೆ ಹಗುರವೆನಿಸುವುದು ಆಗ ಸಹಜ. ಪಾಠದ ನಡುವೆ ಕೆಲವೇ ಸೆಕೆಂಡು ಶೂನ್ಯನೋಟ ಬೀರಿ ‘ಗಮನವಿಲ್ಲದ ಮಗು’ ಎನಿಸಿಕೊಳ್ಳುವ ಮಕ್ಕಳಲ್ಲಿ ಮೂರ್ಛೆಯ ಸುಳಿವು ಕೊಡುವ, ಸೆಕೆಂಡಿಗೆ ಮೂರರಂತೆ ಬರುವ ಮೊನಚು ಅಲೆಗಳು ಬಹಳ ಸಲ ಈ ಉಸಿರಾಟದ ನಡುವೆಯೇ ಕಾಣಿಸಿಕೊಳ್ಳುತ್ತವೆ, ಆದ್ದರಿಂದ ಮಗು ಪೂರ್ತಿ ಮೂರು ನಿಮಿಷ ಉಸಿರಾಡುವಂತೆ ಕಾಗದದ ಗಿರಗಟ್ಟೆಯನ್ನು ಊದಿಸಿಯಾದರೂ ಪ್ರೋತ್ಸಾಹಿಸಿ. ಹೃದಯ ಅಥವಾ ಶ್ವಾಸಕೋಶದ ತೀವ್ರ ತೊಂದರೆ, ಇತ್ತೀಚಿನ ಪಾರ್ಶ್ವವಾಯು ಇದ್ದವರು ಮೊದಲೇ ತಿಳಿಸಬೇಕು. ಅವರಿಗೆ ಈ ಭಾಗವನ್ನು ಬಿಡುತ್ತಾರೆ. ಕೊನೆಗೆ ಮಿಣುಕುವ ಬೆಳಕನ್ನು ಕಣ್ಣಿನ ಮುಂದೆ ತೋರಿಸುತ್ತಾರೆ. ಮನೆಗೆ ಬಂದ ಮೇಲೆ ಉಗುರುಬೆಚ್ಚಗಿನ ನೀರಿಗೆ ಪೇಸ್ಟ್ ಬಿಟ್ಟುಕೊಳ್ಳುತ್ತದೆ.

ವರದಿಯನ್ನು ಹೇಗೆ ತೆಗೆದುಕೊಳ್ಳಬೇಕು

‘ನಾರ್ಮಲ್’ ಎಂದರೆ ಅಪಸ್ಮಾರ ಇಲ್ಲವೆಂದಲ್ಲ. ಅಪಸ್ಮಾರ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಮೊದಲ ಇಇಜಿಯಲ್ಲಿ ಏನೂ ಕಾಣಿಸುವುದಿಲ್ಲ. ಚಳ್ಳಕೆರೆಯ ಆಕಾಶವನ್ನು ಒಂದು ಮಧ್ಯಾಹ್ನ ಅರ್ಧ ಗಂಟೆ ನೋಡಿ ಈ ವರ್ಷ ಇಲ್ಲಿ ಮಳೆಯೇ ಇಲ್ಲ ಎನ್ನಲಾಗದು. ಎರಡು ಸೆಳವುಗಳ ನಡುವಿನ ಅರ್ಧ ಗಂಟೆಯ ದಾಖಲೆಯೂ ಅಂಥದ್ದೇ. ಅದೂ ಅಲ್ಲದೆ, ನೆತ್ತಿಯ ಮೇಲಿನ ಎಲೆಕ್ಟ್ರೋಡಿಗೆ ಮೊನಚು ಅಲೆ ಸಿಗಬೇಕಾದರೆ ಮಿದುಳಿನ ಮೇಲ್ಪದರದಲ್ಲಿ ಹಲವು ಚದರ ಸೆಂಟಿಮೀಟರಿನಷ್ಟು ಜಾಗ ಒಟ್ಟಿಗೆ ಮಿಡಿಯಬೇಕು. ಆಳದಲ್ಲಿ ಹುಟ್ಟಿ ಅಲ್ಲೇ ಅಡಗುವುದು ಯಂತ್ರಕ್ಕೆ ತಿಳಿಯುವುದಿಲ್ಲ. ಆದ್ದರಿಂದಲೇ ವೈದ್ಯರು ಎರಡನೆಯ, ಮೂರನೆಯ ಬಾರಿ ಕೇಳಿದಾಗ ಅದನ್ನು ದುಡ್ಡು ಕೀಳುವ ಉಪಾಯವೆಂದು ತಿಳಿಯಬಾರದು.

ಇದರ ಎದುರು ಮಾತೂ ಅಷ್ಟೇ ನಿಜ. ಎಂದೂ ಸೆಳವು ಬಾರದ ಕೆಲವರಲ್ಲಿ, ಮುಖ್ಯವಾಗಿ ಕೆಲವು ಮಕ್ಕಳಲ್ಲಿ, ಇಂಥ ಅಲೆಗಳು ಕಾಣುವುದುಂಟು. ಬರೀ ತಲೆನೋವಿಗೆಂದು ಮಾಡಿಸಿದ ಇಇಜಿಯಲ್ಲಿ ಏನೋ ಕಂಡಿತೆಂದು ವರ್ಷಗಟ್ಟಲೆ ಮೂರ್ಛೆಯ ಮಾತ್ರೆ ನುಂಗುವುದು ಸರಿಯಲ್ಲ. ವರದಿಯಲ್ಲಿ ‘ಸ್ಲೋಯಿಂಗ್’ ಎಂದಿದ್ದರೆ ಅಲೆಗಳು ನಿಧಾನವಾಗಿವೆ ಎಂದಷ್ಟೇ ಅರ್ಥ, ಅದಕ್ಕೆ ಕಾರಣಗಳು ಹಲವು. ‘ಎಪಿಲೆಪ್ಟಿಫಾರ್ಮ್’ ಎಂದಿದ್ದರೆ ಮೂರ್ಛೆಯ ಕಡೆ ಬೊಟ್ಟು ಮಾಡುವ ಅಲೆ. ‘ಫೋಕಲ್’ ಎಂದರೆ ಒಂದು ಜಾಗದಿಂದ ಹೊರಟದ್ದು, ಆಗ ಎಂಆರ್‌ಐ ಮಾಡಿಸಲು ಹೇಳಬಹುದು. ‘ಜನರಲೈಸ್ಡ್’ ಎಂದರೆ ಎರಡೂ ಬದಿಯಲ್ಲಿ ಒಮ್ಮೆಗೇ ಕಂಡದ್ದು.

ಈ ಕೊನೆಯ ಭೇದವೇ ಅಕ್ಕನ ಮಗನಿಗೆ ನೆರವಾಯಿತು. ಎರಡನೆಯ ಬಾರಿ ನಾವು ಹಿಂದಿನ ದಿನವೇ ದಾವಣಗೆರೆಗೆ ಬಂದು ಉಳಿದೆವು; ಬೆಳಗಿನ ಕೈ ಎಗರುವಿಕೆಯನ್ನೂ ವೈದ್ಯರಿಗೆ ಹೇಳಿದೆವು. ಎರಡೂ ಬದಿಯಲ್ಲಿ ಗೊಂಚಲು ಗೊಂಚಲಾದ ಮೊನಚು ಅಲೆಗಳು ಸಿಕ್ಕವು. ಹದಿಹರೆಯದಲ್ಲಿ ಆರಂಭವಾಗುವ ಈ ಬಗೆಯ ಅಪಸ್ಮಾರದಲ್ಲಿ ಕಾರ್ಬಮಜೆಪಿನ್, ಫೆನಿಟಾಯಿನ್‌ನಂಥ ಸಾಮಾನ್ಯ ಮಾತ್ರೆಗಳು ಕೈ ಎಗರುವುದನ್ನು ಹೆಚ್ಚಿಸಬಹುದು; ಬೇರೆ ಮಾತ್ರೆಗಳು ಚೆನ್ನಾಗಿ ಹಿಡಿತಕ್ಕೆ ತರುತ್ತವೆ. ಯಾವ ಬಗೆಯೆಂದು ತಿಳಿಯದೆ ಮಾತ್ರೆ ಆರಿಸುವುದು ಎಷ್ಟು ಕಷ್ಟವೆಂಬುದು ನಮಗೆ ಅಂದು ಅರ್ಥವಾಯಿತು.

ನಮ್ಮ ರಾಜ್ಯದ ದಕ್ಷಿಣ ಭಾಗದಲ್ಲಿ ಹೆಚ್ಚಾಗಿ ಕಾಣುವ ಬಿಸಿನೀರಿನ ಮೂರ್ಛೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಹಂಡೆಯ ಸುಡುನೀರನ್ನು ಚೊಂಬಿನಿಂದ ನೆತ್ತಿಗೆ ಎರೆದುಕೊಳ್ಳುತ್ತಿರುವಾಗ ಕಣ್ಣು ನಿಲ್ಲುವುದು, ತೊದಲುವುದು, ಅರಿವಿಲ್ಲದೆ ನೀರು ಸುರಿದುಕೊಳ್ಳುತ್ತಲೇ ಇರುವುದು ಇದರ ಲಕ್ಷಣ. ಇವರಲ್ಲಿ ಹೆಚ್ಚಿನವರಿಗೆ ಸೆಳವಿಲ್ಲದ ಹೊತ್ತಿನ ಇಇಜಿ ನಾರ್ಮಲ್ ಆಗಿಯೇ ಇರುತ್ತದೆ; ‘ತಲೆಗೆ ಎರೆದುಕೊಳ್ಳುವಾಗ ಮಾತ್ರ ಬರುತ್ತದೆ’ ಎಂಬ ಒಂದು ವಾಕ್ಯವೇ ರೋಗವನ್ನು ತಿಳಿಸುತ್ತದೆ.

ದಾವಣಗೆರೆಯ ಜೆಜೆಎಂ, ಎಸ್ಎಸ್ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು, ಚಿಗಟೇರಿ ಜಿಲ್ಲಾ ಆಸ್ಪತ್ರೆ, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ ಮತ್ತು ಬಸವೇಶ್ವರ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ನರರೋಗದ ಹೊರರೋಗಿ ವಿಭಾಗದ ದಿನ, ಇಇಜಿಯ ಸಮಯ ಮತ್ತು ದರವನ್ನು ಫೋನಿನಲ್ಲಿ ವಿಚಾರಿಸಿಕೊಂಡೇ ಹೊರಡಿ. ಬಿಪಿಎಲ್ ಕಾರ್ಡ್ ಜೊತೆಗಿರಲಿ. ಎರಡು ಬಗೆಯ ಮಾತ್ರೆ ಸರಿಯಾಗಿ ನುಂಗಿಯೂ ಸೆಳವು ನಿಲ್ಲದವರಿಗೆ, ಮತ್ತು ಮನಸ್ಸಿನ ನೋವು ಮೈಯ ಸೆಳವಾಗಿ ಹೊರಬೀಳುತ್ತಿರಬಹುದೆಂಬ ಅನುಮಾನವಿರುವವರಿಗೆ, ಒಂದೆರಡು ದಿನ ಅಥವಾ ಹೆಚ್ಚು ಕಾಲ ಕ್ಯಾಮೆರಾ ಮತ್ತು ಇಇಜಿ ಎರಡನ್ನೂ ಒಟ್ಟಿಗೆ ನಡೆಸುವ ವಿಡಿಯೊ ಇಇಜಿ ಬೇಕಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ವ್ಯವಸ್ಥೆಯಿದೆ. ಮನಸ್ಸಿನ ನೋವಿನಿಂದ ಸೆಳವು ಬರುವವರನ್ನು ನಾಟಕವೆಂದು ಜರಿಯಬೇಡಿ, ಅವರ ಸೆಳವು ಬೇಕೆಂದು ತಂದುಕೊಂಡದ್ದಲ್ಲ. ಹೋಗುವಾಗ ಹಳೆಯ ವರದಿಗಳ ಜೊತೆಗೆ ದಾಖಲೆಯ ಸಿ.ಡಿ. ಅಥವಾ ಅಲೆಗಳ ಹಾಳೆಗಳನ್ನೂ ಕೇಳಿ ಪಡೆದು ಒಯ್ಯಿರಿ, ಏಕೆಂದರೆ ಹೊಸ ವೈದ್ಯರು ಹಿಂದಿನವರ ಅಭಿಪ್ರಾಯವನ್ನಷ್ಟೇ ಅಲ್ಲ, ಅಲೆಗಳನ್ನೇ ನೋಡಲು ಬಯಸುತ್ತಾರೆ.